‘ಸಣ್ಣ ಆಪರೇಷನ್’ ಅಂದವರು ತೋಳಿನ ಬಗ್ಗೆ ಏನೂ ಹೇಳಲಿಲ್ಲ

ಬ್ರೆಸ್ಟ್ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಂಕುಳಿನ ಲಿಂಫ್ ನೋಡ್ ಬಯಾಪ್ಸಿ, ಅಂದರೆ ಅಲ್ಲಿನ ಸಣ್ಣ ಗ್ರಂಥಿಗಳಲ್ಲಿ ಕ್ಯಾನ್ಸರ್ ಇದೆಯಾ ಅಂತ ನೋಡುವ ಪರೀಕ್ಷೆಯ ಮಾತು ಬಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು. "ಅದೇನಿಲ್ಲ ಬಿಡಿ, ಸಣ್ಣದು." ಸರ್ಜನ್ ಹೇಳುತ್ತಾರೆ, ನರ್ಸ್ ಹೇಳುತ್ತಾರೆ, ನೋಡೋಕೆ ಬಂದ ನೆಂಟರೂ ಹೇಳುತ್ತಾರೆ. ಆಪರೇಷನ್ ಮುಗಿದ ಮೇಲೆ ಅದೇ ಜನರ ರಾಗ ಬದಲಾಗುತ್ತದೆ. "ಆ ಕೈಯಲ್ಲಿ ಇನ್ನು ಮೇಲೆ ಭಾರ ಎತ್ತಲೇಬೇಡಿ. ಸೂಜಿ ಚುಚ್ಚಿಸಬೇಡಿ. ಬಿಪಿ ನೋಡೋಕೂ ಆ ಕೈ ಕೊಡಬೇಡಿ."

ಅಲ್ಲ, ಅಷ್ಟು ಸಣ್ಣದಾಗಿದ್ದರೆ ಜನ್ಮಪೂರ್ತಿ ಕೈ ಕಟ್ಟಿಕೊಂಡು ಕೂರಬೇಕು ಯಾಕೆ? ಅಷ್ಟು ದೊಡ್ಡದಾಗಿದ್ದರೆ ಮೊದಲೇ ಕೂರಿಸಿಕೊಂಡು ವಿವರವಾಗಿ ಹೇಳಲಿಲ್ಲ ಯಾಕೆ? ನನ್ನ ತಕರಾರು ಇಷ್ಟೇ. ಮೊದಲು ಹಗುರ ಮಾಡುವುದು, ಆಮೇಲೆ ಹೆದರಿಸುವುದು, ಎರಡೂ ತಪ್ಪು. ನಡುವೆ ತಿಳಿಯಬೇಕಾದ ವಿಷಯ ಬೇಕಾದಷ್ಟಿದೆ. ಅದನ್ನು ಆಪರೇಷನ್‌ಗೆ ಮೊದಲು ಹೇಳಿದರೆ ಉಪಯೋಗ ಜಾಸ್ತಿ. ನಾನು ಡಾಕ್ಟರಲ್ಲ, ಈ ಬಯಾಪ್ಸಿ ಮಾಡಿಸಿಕೊಂಡವಳು, ಆಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದವಳು. ಹಾಗೆಂದುಕೊಂಡು ಓದಿ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಬಯಾಪ್ಸಿ ಅಂದಾಗ ಎರಡು ಬೇರೆ ಬೇರೆ ಕೆಲಸ ಇರುತ್ತವೆ. ಸ್ಕ್ಯಾನಿಂಗ್‌ನಲ್ಲಿ ಕಂಕುಳಿನ ಗ್ರಂಥಿ ಅನುಮಾನ ಬರುವ ಹಾಗೆ ಕಂಡರೆ, ಸ್ಕ್ಯಾನ್ ನೋಡಿಕೊಂಡೇ ಸೂಜಿ ಹಾಕಿ ಸ್ಯಾಂಪಲ್ ತೆಗೆಯುತ್ತಾರೆ. ಚರ್ಮ ಮರಗಟ್ಟಿಸುತ್ತಾರೆ, ಸ್ವಲ್ಪ ಹೊತ್ತಿನ ಕೆಲಸ, ಅದೇ ದಿನ ಮನೆಗೆ. ಆಮೇಲೆ ಒಂದಿಷ್ಟು ನೋವು, ಚರ್ಮ ಸ್ವಲ್ಪ ಕಂದುವುದು ಬಿಟ್ಟರೆ ಹೆಚ್ಚೇನಿಲ್ಲ. ಇದನ್ನು ಸಣ್ಣದು ಅಂದರೆ ನಾನೂ ಒಪ್ಪುತ್ತೇನೆ.

ಇನ್ನೊಂದು ಸೆಂಟಿನೆಲ್ ನೋಡ್ ಬಯಾಪ್ಸಿ. ಇದು ಆಪರೇಷನ್ನೇ. ಸ್ತನದಿಂದ ಹರಿದು ಬರುವ ದುಗ್ಧರಸ (ಲಿಂಫ್ ಅನ್ನುವ ತಿಳಿ ದ್ರವ) ಕಂಕುಳಲ್ಲಿ ಮೊದಲು ತಲುಪುವ ಗ್ರಂಥಿ ಯಾವುದೋ ಅದನ್ನು ಹುಡುಕಿ ತೆಗೆಯುತ್ತಾರೆ. ಕ್ಯಾನ್ಸರ್ ಹೊರಗೆ ಹೊರಟಿದ್ದರೆ ಮೊದಲು ಅಲ್ಲಿಗೇ ಬಂದಿರಬೇಕು ಅನ್ನುವುದು ಇದರ ಲೆಕ್ಕಾಚಾರ. ಸಾಮಾನ್ಯವಾಗಿ ಒಂದರಿಂದ ಮೂರು ಗ್ರಂಥಿ ತೆಗೆಯುತ್ತಾರೆ. ಗಡ್ಡೆ ತೆಗೆಯುವ ಆಪರೇಷನ್ ಜೊತೆಗೇ ಇದೂ ಆಗುವುದರಿಂದ, ಎಲ್ಲರ ಗಮನ ಸ್ತನದ ಕಡೆ ಇರುತ್ತದೆ. ಕಂಕುಳು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಡಾಕ್ಟರುಗಳು ಇದನ್ನು ಸಣ್ಣದು ಅನ್ನುವುದಕ್ಕೂ ಕಾರಣ ಇದೆ, ಅದನ್ನೂ ಹೇಳಬೇಕು. 19ನೇ ಶತಮಾನದ ಕೊನೆಯಲ್ಲಿ ಹಾಲ್‌ಸ್ಟೆಡ್ ಅನ್ನುವ ಸರ್ಜನ್ ಶುರು ಮಾಡಿದ ಪದ್ಧತಿಯಲ್ಲಿ ಸ್ತನ, ಅದರ ಹಿಂದಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ತೆಗೆಯುತ್ತಿದ್ದರು. ಆಮೇಲೆ ಸ್ನಾಯು ಉಳಿಸಿಕೊಂಡರು, ಸ್ತನವನ್ನೂ ಉಳಿಸಿಕೊಂಡರು. ಕಂಕುಳನ್ನು ಮಾತ್ರ ಬಹಳ ವರ್ಷ ಪೂರ್ತಿ ಖಾಲಿ ಮಾಡುತ್ತಲೇ ಇದ್ದರು. 1993ರಲ್ಲಿ ಕ್ರಾಗ್ ಅವರ ತಂಡ ವಿಕಿರಣ ಪತ್ತೆ ಮಾಡುವ ಪ್ರೋಬ್ ಹಿಡಿದು, 1994ರಲ್ಲಿ ಜೂಲಿಯಾನೊ ಅವರ ತಂಡ ನೀಲಿ ಬಣ್ಣ ಹಾಕಿ, ಸ್ತನ ಕ್ಯಾನ್ಸರ್‌ನಲ್ಲಿ ಆ ಮೊದಲ ಗ್ರಂಥಿಯನ್ನಷ್ಟೇ ಹುಡುಕಬಹುದು ಅಂತ ತೋರಿಸಿದವು. ಆ ಗ್ರಂಥಿಯಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟದೆ ಬಿಟ್ಟರೂ ಆಯುಷ್ಯಕ್ಕೆ ತೊಂದರೆ ಇಲ್ಲ ಅಂತ 5,600ಕ್ಕೂ ಹೆಚ್ಚು ಹೆಂಗಸರ ಮೇಲಿನ ದೊಡ್ಡ ಅಧ್ಯಯನ 2010ರಲ್ಲಿ ಹೇಳಿತು. ಮರುವರ್ಷ ಇನ್ನೊಂದು ಬಂತು: ಗಡ್ಡೆ ತೀರಾ ದೊಡ್ಡದಲ್ಲದೆ, ಗಡ್ಡೆಯಷ್ಟನ್ನೇ ತೆಗೆಸಿ ರೇಡಿಯೇಷನ್ ತೆಗೆದುಕೊಳ್ಳುವವರಿಗೆ, ಒಂದೆರಡು ಸೆಂಟಿನೆಲ್ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕರೂ ಕಂಕುಳು ಪೂರ್ತಿ, ಅಂದರೆ ಅಲ್ಲಿನ ಉಳಿದ ಗ್ರಂಥಿಗಳನ್ನೆಲ್ಲ, ತೆಗೆಯಲೇಬೇಕಿಲ್ಲ ಅಂತ. ಅಂಥ ಚರಿತ್ರೆ ಓದಿಕೊಂಡು ಬಂದ ಸರ್ಜನ್‌ಗೆ ಇದು ಸಣ್ಣದೇ. ಆದರೆ ನಮಗೆ ಅದನ್ನು ಹೋಲಿಸಿ ನೋಡಲು ಹಳೆಯ ಆಪರೇಷನ್ ಏನೂ ಆಗಿಲ್ಲವಲ್ಲ. ನಮ್ಮ ಹೋಲಿಕೆ ನಿನ್ನೆವರೆಗೆ ಸಲೀಸಾಗಿ ಮೇಲೆ ಹೋಗುತ್ತಿದ್ದ ಕೈ ಜೊತೆಗೆ.

ಹಾಗಾಗಿ ತಯಾರಿ ಅಂದರೆ ನನ್ನ ಪ್ರಕಾರ ಮೊದಲ ಪ್ರಶ್ನೆ, "ನನಗೆ ಇದು ಬೇಕೇ ಬೇಕಾ?" ಕೇಳೋಕೆ ಸಂಕೋಚ ಬೇಡ. 2023ರಲ್ಲಿ ಸೌಂಡ್, 2024ರಲ್ಲಿ ಇನ್ಸೆಮಾ ಅನ್ನುವ ಅಧ್ಯಯನಗಳು ಪ್ರಕಟವಾದವು. ಗಡ್ಡೆ ಚಿಕ್ಕದು, ಸ್ಕ್ಯಾನ್‌ನಲ್ಲಿ ಕಂಕುಳು ಸ್ವಚ್ಛ, ಸ್ತನ ಉಳಿಸುವ ಆಪರೇಷನ್ ಅಂತಿದ್ದವರಲ್ಲಿ ಈ ಬಯಾಪ್ಸಿ ಬಿಟ್ಟರೂ ಐದು ವರ್ಷದ ಫಲಿತಾಂಶ ಕೆಡಲಿಲ್ಲ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವೂ 2025ರಲ್ಲಿ ತನ್ನ ಮಾರ್ಗಸೂಚಿ ಬದಲಾಯಿಸಿತು. 50 ದಾಟಿ ಮುಟ್ಟು ನಿಂತವರು, ಗಡ್ಡೆ 2 ಸೆಂಟಿಮೀಟರ್ ಒಳಗೆ, ಗ್ರೇಡ್ 1 ಅಥವಾ 2, ಹಾರ್ಮೋನ್ ಪಾಸಿಟಿವ್ (ಹಾರ್ಮೋನ್‌ನಿಂದ ಬೆಳೆಯುವ ಬಗೆ), ಹರ್‌ಟು ನೆಗೆಟಿವ್ (ಹರ್‌ಟು ಅನ್ನುವ ಪ್ರೋಟೀನ್ ಹೆಚ್ಚಿಲ್ಲದ್ದು), ಸ್ಕ್ಯಾನ್ ಚೆನ್ನಾಗಿದೆ ಅಂತಾದರೆ ಬಿಡಬಹುದು ಅನ್ನುತ್ತದೆ ಅದು. ನನಗೆ ಆ ಲೆಕ್ಕ ಹೊಂದಲಿಲ್ಲ, ಮಾಡಿಸಿಕೊಂಡೆ. ನಿಮಗೆ ಹೊಂದಬಹುದು. ಬಿಡುವುದೂ ಬಿಡದಿರುವುದೂ ನಿಮ್ಮ ಡಾಕ್ಟರ ಜೊತೆ ಕೂತು ಮಾಡುವ ತೀರ್ಮಾನ. ಆದರೆ ಪ್ರಶ್ನೆ ನಿಮ್ಮ ಬಾಯಿಂದ ಬರಬೇಕು.

ಬೇಕು ಅಂತಾದರೆ, ಆಪರೇಷನ್‌ಗೆ ಮುಂಚೆ ಎರಡೂ ತೋಳಿನ ಸುತ್ತಳತೆ ಟೇಪ್‌ನಲ್ಲಿ ತೆಗೆಸಿ. ಮಣಿಕಟ್ಟು, ಮುಂಗೈ, ಮೊಣಕೈ ಮೇಲೆ, ಇಷ್ಟು ಕಡೆ. ಎಲ್ಲಿ ಅಳೆದಿರಿ ಅನ್ನುವುದನ್ನೂ ಬರೆದಿಡಿ. ಯಾಕೆಂದರೆ ಮುಂದೆ "ಕೈ ಊದಿದೆಯಾ?" ಅಂತ ಪ್ರಶ್ನೆ ಬಂದಾಗ ಉತ್ತರ ಆ ಚೀಟಿಯಲ್ಲಿ ಮಾತ್ರ ಇರುತ್ತದೆ. ಎಷ್ಟೋ ಜನರಿಗೆ ಮೊದಲಿಂದಲೂ ಒಂದು ಕೈ ಇನ್ನೊಂದಕ್ಕಿಂತ ಸ್ವಲ್ಪ ದಪ್ಪ ಇರುತ್ತದೆ. ಹಾಗೇ ಎರಡೂ ಕೈ ತಲೆ ಮೇಲೆ ಎಷ್ಟು ಎತ್ತಲು ಬರುತ್ತದೆ ಅಂತ ಕನ್ನಡಿ ಮುಂದೆ ನೋಡಿಕೊಳ್ಳಿ. ಭುಜ ಮೊದಲೇ ಹಿಡಿದುಕೊಂಡಿದ್ದರೆ ಈಗಲೇ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಮುಂದೆ ರೇಡಿಯೇಷನ್ ಇದ್ದರೆ ಕೈಯನ್ನು ತಲೆ ಮೇಲೆ ಚಾಚಿ ಅಲುಗಾಡದೆ ಮಲಗಬೇಕಾಗುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ನೀವು ತೆಗೆದುಕೊಳ್ಳುವ ಪ್ರತಿಯೊಂದು ಮಾತ್ರೆಯ ಹೆಸರು ಹೇಳಿ. ರಕ್ತ ತೆಳು ಮಾಡುವ ಮಾತ್ರೆ ಮುಖ್ಯ ಅಂತ ಎಲ್ಲರಿಗೂ ಗೊತ್ತು. ಖಿನ್ನತೆಯ ಮಾತ್ರೆಯನ್ನು ಮುಚ್ಚಿಡುವವರು ಮಾತ್ರ ತುಂಬಾ ಜನ. ಗ್ರಂಥಿ ಹುಡುಕಲು ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಬಳಸುವುದಾದರೆ ಅದು ಕೆಲವು ಖಿನ್ನತೆ ಮಾತ್ರೆಗಳ ಜೊತೆ ಸೇರಿ ತೊಂದರೆ ಕೊಡಬಹುದು. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇದ್ದವರಿಗೂ ಅದು ಆಗಿಬರುವುದಿಲ್ಲ. ಹಿಂದೆ ಯಾವುದಾದರೂ ಔಷಧಿಗೆ, ಬಣ್ಣಕ್ಕೆ ಅಲರ್ಜಿ ಆಗಿದ್ದರೆ ಹೇಳಿ, ಗರ್ಭಿಣಿ ಇರಬಹುದು ಅನ್ನುವ ಅನುಮಾನ ಇದ್ದರೂ ಹೇಳಿ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ಬಟ್ಟೆ ಮುಂದೆ ಗುಂಡಿ ಇರುವಂಥದ್ದು, ಸಡಿಲ ತೋಳಿನದು ತೆಗೆದುಕೊಂಡು ಹೋಗಿ. ಕೈ ಮೇಲೆತ್ತಿ ತಲೆಯಿಂದ ಹಾಕಿಕೊಳ್ಳುವ ಬಟ್ಟೆ ಕೆಲವು ದಿನ ಆಗುವುದಿಲ್ಲ. ಕಂಕುಳನ್ನು ಮನೆಯಲ್ಲಿ ರೇಜರ್‌ನಿಂದ ಬೋಳಿಸಿಕೊಂಡು ಹೋಗಬೇಡಿ. ಗೀರಿದರೆ ಸೋಂಕಿಗೆ ದಾರಿ. ಬೇಕಾದರೆ ಅವರೇ ಟ್ರಿಮ್ಮರ್‌ನಲ್ಲಿ ಮಾಡುತ್ತಾರೆ.

ಆ ದಿನದ ಬಗ್ಗೆ ಒಂದೆರಡು ಮಾತು ಸಾಕು. ಆ ಮೊದಲ ಗ್ರಂಥಿಯನ್ನು ಹುಡುಕಲು ಟೆಕ್ನೀಷಿಯಂ ಅನ್ನುವ ವಿಕಿರಣ ವಸ್ತುವನ್ನು ಸ್ತನದ ಚರ್ಮದಲ್ಲಿ, ಹೆಚ್ಚಾಗಿ ಮೊಲೆತೊಟ್ಟಿನ ಸುತ್ತ ಚುಚ್ಚುತ್ತಾರೆ, ಆಪರೇಷನ್ ದಿನವೇ ಅಥವಾ ಹಿಂದಿನ ದಿನ. ಎಚ್ಚರ ಇದ್ದಾಗ ಚುಚ್ಚಿದರೆ ಉರಿಯುತ್ತದೆ. ನಿಜವಾಗಿ ಉರಿಯುತ್ತದೆ, ಸುಮ್ನೆ ಇರುವೆ ಕಚ್ಚಿದ ಹಾಗೆ ಅಂತೆಲ್ಲ ಹೇಳುವುದನ್ನು ನಂಬಬೇಡಿ. ಮರಗಟ್ಟಿಸುವ ಕ್ರೀಮ್ ಹಚ್ಚಬಹುದಾ ಅಂತ ಮೊದಲೇ ಕೇಳಿಡಿ. ವಿಕಿರಣದ ಪ್ರಮಾಣ ತೀರಾ ಕಡಿಮೆ, ಆರು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಕೆಲವು ಕಡೆ ಇದರ ಬದಲು ಹಸಿರು ಬಣ್ಣ ಅಥವಾ ಕಾಂತೀಯ ದ್ರವ ಬಳಸುತ್ತಾರೆ.

ನೀಲಿ ಬಣ್ಣ ಹಾಕಿದ್ದರೆ ಮಾರನೇ ದಿನ ಬಾತ್‌ರೂಮಿನಲ್ಲಿ ಗಾಬರಿ ಬೀಳಬೇಡಿ. ಮೂತ್ರ ಹಸಿರು, ನೀಲಿ ಬರುತ್ತದೆ, ಒಂದೆರಡು ದಿನದಲ್ಲಿ ಸರಿ ಹೋಗುತ್ತದೆ. ಆಪರೇಷನ್ ಆದ ಮೇಲೆ ಬೆರಳಿಗೆ ಹಾಕುವ ಆಕ್ಸಿಜನ್ ಮೀಟರ್ ಕೂಡ ಈ ಬಣ್ಣದಿಂದ ಮೋಸ ಹೋಗಿ ಸ್ವಲ್ಪ ಹೊತ್ತು ಕಡಿಮೆ ತೋರಿಸಬಹುದು. ನನ್ನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತಂತೆ. ನೋಡಿದ ಅಕ್ಕ ಹೊರಗೆ ಹೋಗಿ ಅತ್ತಳು ಅಂತ ಆಮೇಲೆ ಗೊತ್ತಾಯಿತು. ಆ ಒಂದು ಮಾತನ್ನು ಮನೆಯವರಿಗೆ ಮೊದಲೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಚರ್ಮದ ಮೇಲಿನ ನೀಲಿ ಕಲೆ ಮಾತ್ರ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ.

ಇನ್ನು ಚೇತರಿಕೆ. ಮೊದಲಿಗೆ ನನಗೆ ವಿಚಿತ್ರ ಅನಿಸಿದ್ದು ನೋವಲ್ಲ, ನೋವು ಇಲ್ಲದಿರುವುದು. ಕಂಕುಳು ಮತ್ತು ತೋಳಿನ ಒಳಭಾಗ ಮುಟ್ಟಿದರೆ ಬೇರೆಯವರ ಚರ್ಮ ಮುಟ್ಟಿದಂತೆ. ಅಲ್ಲಿ ಹಾದು ಹೋಗುವ ಒಂದು ಸ್ಪರ್ಶದ ನರ ಎಳೆದಾಡಿದರೆ, ತುಂಡಾದರೆ ಹೀಗಾಗುತ್ತದೆ. ಮರಗಟ್ಟಿದ ಜಾಗದಲ್ಲೇ ಒಮ್ಮೊಮ್ಮೆ ಉರಿ, ಒಮ್ಮೊಮ್ಮೆ ಕರೆಂಟ್ ಹೊಡೆದ ಹಾಗೆ ಚುಳುಕು. ತಿಂಗಳುಗಳಲ್ಲಿ ಬಹಳಷ್ಟು ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಹಾಗೇ ಉಳಿಯುತ್ತದೆ. ನನಗೂ ಉಳಿದಿದೆ. ಅಲ್ಲಿ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಕಂಕುಳಲ್ಲಿ ನೀರು ತುಂಬಿ ಮೆತ್ತಗೆ ಉಬ್ಬುವುದು ಇನ್ನೊಂದು. ಸೆರೋಮಾ ಅನ್ನುತ್ತಾರೆ. ಸಣ್ಣದಾದರೆ ಮೈಯೇ ಹೀರಿಕೊಳ್ಳುತ್ತದೆ, ಬಿಗಿದು ನೋಯುತ್ತಿದ್ದರೆ ಸೂಜಿಯಿಂದ ತೆಗೆಯುತ್ತಾರೆ. ಮಲಗುವಾಗ ತೋಳಿನ ಕೆಳಗೆ ಒಂದು ಸಣ್ಣ ದಿಂಬು ಇದ್ದರೆ ಎಷ್ಟೋ ಆರಾಮ.

ನನ್ನನ್ನು ನಿಜವಾಗಿ ಹೆದರಿಸಿದ್ದು ಆಮೇಲೆ ಬಂದದ್ದು. ಗಾಯ ಒಣಗಿತು, ಹೊಲಿಗೆ ಮಾಯ್ದಿತು, ಎಲ್ಲ ಮುಗೀತು ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಮೇಲಿನ ಕಪಾಟಿಗೆ ಕೈ ಚಾಚಿದರೆ ಅರ್ಧಕ್ಕೇ ಸಿಕ್ಕಿಕೊಂಡಿತು. ಕನ್ನಡಿಯಲ್ಲಿ ನೋಡಿದರೆ ಕಂಕುಳಿನಿಂದ ಮೊಣಕೈ ಕಡೆಗೆ ಚರ್ಮದ ಕೆಳಗೆ ತಂತಿ ಎಳೆದು ಕಟ್ಟಿದ ಹಾಗೆ ಒಂದು ಗೆರೆ ಎದ್ದು ನಿಂತಿದೆ. ಬೆರಳಿಟ್ಟರೆ ಗಟ್ಟಿ. ಕೈ ಇಳಿಸಿದರೆ ಮಾಯ. ಕ್ಯಾನ್ಸರ್ ತೋಳಿಗೆ ಬಂತು ಅಂತಲೇ ನಾನು ತೀರ್ಮಾನ ಮಾಡಿದೆ. ಅಲ್ಲ. ಇದಕ್ಕೆ ಕಾರ್ಡಿಂಗ್ ಅನ್ನುತ್ತಾರೆ. ಆಪರೇಷನ್ ಆಗಿ ಕೆಲವು ವಾರಗಳಲ್ಲಿ ಬರುತ್ತದೆ, ಒಂದೆರಡೇ ಗ್ರಂಥಿ ತೆಗೆದವರಿಗೂ ಬರಬಹುದು. ಕ್ಯಾನ್ಸರ್‌ಗೂ ಇದಕ್ಕೂ ಸಂಬಂಧವಿಲ್ಲ. ಫಿಸಿಯೋಥೆರಪಿಯಲ್ಲಿ ನಿಧಾನವಾಗಿ ಹಿಗ್ಗಿಸುತ್ತಾ ಹೋದರೆ ಬಹುಪಾಲು ಸಡಿಲವಾಗುತ್ತದೆ. ನನ್ನ ಫಿಸಿಯೋ ಮೇಡಂ ಅದನ್ನು ನೋಡಿದವರೇ, "ಓ, ಇದಾ" ಅಂದು ನಕ್ಕರು. ಅವರ ನಗು ನೋಡಿ ಅರ್ಧ ಜೀವ ವಾಪಸ್ ಬಂತು. ಡಿಸ್ಚಾರ್ಜ್ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ವ್ಯಾಯಾಮ ಅಂದರೆ ದೊಡ್ಡದೇನಲ್ಲ. ಮಾರನೇ ದಿನದಿಂದ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಿಸುವುದು, ಭುಜ ತಿರುಗಿಸುವುದು. ಭುಜದ ಮಟ್ಟಕ್ಕಿಂತ ಮೇಲೆ ಎತ್ತುವುದು ಯಾವಾಗಿಂದ ಅಂತ ಸರ್ಜನ್ ಹೇಳುತ್ತಾರೆ. ಆಮೇಲೆ ಗೋಡೆ ಮೇಲೆ ಬೆರಳುಗಳಲ್ಲಿ ನಡೆಯುತ್ತಾ ದಿನಾ ಸ್ವಲ್ಪ ಸ್ವಲ್ಪ ಮೇಲೆ ಹೋಗುವುದು. ಎಳೆತ ಇರಬೇಕು, ಚುಚ್ಚುವ ನೋವು ಇರಬಾರದು. ನೋವಿಗೆ ಹೆದರಿ ಕೈಯನ್ನು ಎದೆಗೆ ಅಂಟಿಸಿಕೊಂಡು ಓಡಾಡಿದರೆ ಭುಜ ಹಿಡಿದುಕೊಳ್ಳುತ್ತದೆ. ನೋವಿನ ಮಾತ್ರೆ ಕೊಟ್ಟಿದ್ದರೆ ತೆಗೆದುಕೊಂಡೇ ಮಾಡಿ, ಅದರಲ್ಲಿ ಶೌರ್ಯ ತೋರಿಸುವುದಕ್ಕೇನಿಲ್ಲ.

ಈ ಮಧ್ಯೆ ರಿಪೋರ್ಟ್‌ಗೆ ಕಾಯುವುದೊಂದಿದೆ. ಕೆಲವು ಕಡೆ ಆಪರೇಷನ್ ನಡೆಯುವಾಗಲೇ ಗ್ರಂಥಿ ನೋಡುತ್ತಾರೆ, ಆದರೂ ಪೂರ್ತಿ ರಿಪೋರ್ಟ್ ಬರಲು ಒಂದೆರಡು ವಾರ ಹಿಡಿಯಬಹುದು. ಅದರಲ್ಲಿ ಪಾಸಿಟಿವ್ ಅಂತ ಬರೆದಿದ್ದರೆ ಅಲ್ಲಿಗೇ ನಿಲ್ಲಬೇಡಿ, ಎಷ್ಟು ಅಂತ ನೋಡಿ. 0.2 ಮಿಲಿಮೀಟರ್ ಮೀರದ ಜೀವಕೋಶಗಳ ಗುಂಪು ಬೇರೆ, 0.2ರಿಂದ 2 ಮಿಲಿಮೀಟರ್‌ವರೆಗಿನದು ಬೇರೆ, 2 ಮಿಲಿಮೀಟರ್ ದಾಟಿದ್ದು ಬೇರೆ. ಮುಂದಿನ ಚಿಕಿತ್ಸೆ ಅದರ ಮೇಲೆ ನಿಲ್ಲುತ್ತದೆ. ಪಾಸಿಟಿವ್ ಬಂದವರಿಗೆಲ್ಲ ಕಂಕುಳು ಪೂರ್ತಿ ತೆಗೆಯುವ ಕಾಲ ಹೋಯಿತು. ಎಷ್ಟೋ ಜನರಿಗೆ ಅದರ ಬದಲು ರೇಡಿಯೇಷನ್ ಸಾಕಾಗುತ್ತದೆ.

ಈಗ ಆ ಜನ್ಮಪೂರ್ತಿಯ ಹೆದರಿಕೆಗೆ ಬರೋಣ. ಕೈ ಊದಿ ನಿಲ್ಲುವ ತೊಂದರೆಗೆ ಲಿಂಫೆಡಿಮಾ ಅಂತ ಹೆಸರು. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಕಂಕುಳು ಪೂರ್ತಿ ತೆಗೆಸಿಕೊಂಡ ನೂರು ಜನರಲ್ಲಿ ಸುಮಾರು 20 ಮಂದಿಗೆ ಇದು ಬಂದಿತ್ತು. ಸೆಂಟಿನೆಲ್ ಬಯಾಪ್ಸಿ ಮಾತ್ರ ಆದವರಲ್ಲಿ 5-6 ಮಂದಿಗೆ. ಕಡಿಮೆ, ಆದರೆ ಸೊನ್ನೆ ಅಲ್ಲ. ಬರುವುದಾದರೆ ವರ್ಷಗಳಾದ ಮೇಲೂ ಬರಬಹುದು. ಇನ್ನು ಆ ಕೈಯಲ್ಲಿ ಬಿಪಿ ನೋಡುವುದು, ಸೂಜಿ ಚುಚ್ಚುವುದು, ವಿಮಾನದಲ್ಲಿ ಹೋಗುವುದು, ಇವುಗಳಿಂದ ಕೈ ಊದುತ್ತದೆ ಅನ್ನುವ ಹೆದರಿಕೆಯ ವಿಷಯ. 2016ರಲ್ಲಿ ಬಂದ ಅಧ್ಯಯನವೊಂದರಲ್ಲಿ ಇವುಗಳಿಗೂ ತೋಳು ದಪ್ಪವಾಗುವುದಕ್ಕೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಚರ್ಮದ ಸೋಂಕಿಗೆ, ಮೈತೂಕಕ್ಕೆ, ಕಂಕುಳು ಪೂರ್ತಿ ತೆಗೆಯುವುದಕ್ಕೆ. ಇನ್ನೊಂದು ಕೈ ಇರುವಾಗ ಅದನ್ನೇ ಕೊಡೋಣ, ನಷ್ಟವೇನಿಲ್ಲ. ಆದರೆ ತುರ್ತಿನಲ್ಲಿ ಈ ಕೈಗೆ ಸೂಜಿ ಹಾಕಿದರು ಅಂತ ರಾತ್ರಿಯೆಲ್ಲ ನಿದ್ದೆಗೆಡಬೇಕಿಲ್ಲ. ಭಾರ ಎತ್ತುವುದಂತೂ ಪೂರ್ತಿ ತಿರುಗಿಬಿದ್ದಿದೆ. 2009ರ ಅಧ್ಯಯನವೊಂದರಲ್ಲಿ ಕೈ ಊದಿದ ಹೆಂಗಸರಿಗೇ ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ತೂಕ ಎತ್ತಿಸಿದರು. ಊತ ಜಾಸ್ತಿ ಆಗಲಿಲ್ಲ, ತೊಂದರೆ ಉಲ್ಬಣಿಸುವುದು ಕಡಿಮೆ ಆಯಿತು, ಶಕ್ತಿಯೂ ಬಂತು. ಗಾಯ ಮಾಯುವವರೆಗೆ ಬೇಡ, ಆಮೇಲೆ ಸ್ವಲ್ಪದಿಂದ ಶುರು ಮಾಡಿ.

"ಅಕ್ಕಾ, ಈ ಕೈಯಲ್ಲಿ ಮಗು ಎತ್ಕೊಬಹುದಾ?" ಅಂತ ಇನ್‌ಬಾಕ್ಸ್‌ನಲ್ಲಿ ಕೇಳಿದ ತಂಗಿಗೆ ಇದೇ ನನ್ನ ಉತ್ತರ. ಗಾಯ ಮಾಯ್ದು ಡಾಕ್ಟರ್ ಸರಿ ಅಂದ ಮೇಲೆ ಎತ್ತಿಕೊಳ್ಳಮ್ಮ. ಮಗು ಎತ್ತಿಕೊಂಡಿದ್ದಕ್ಕಿಂತ ಗಮನ ಕೊಡಬೇಕಾದ್ದು ಬೇರೆ ಇದೆ. ಉಂಗುರ, ಬಳೆ ಇದ್ದಕ್ಕಿದ್ದಂತೆ ಬಿಗಿ ಅನಿಸಿದರೆ, ತೋಳು ಭಾರ ಅನಿಸಿದರೆ, ಹಳೆಯ ಅಳತೆ ಚೀಟಿ ತೆಗೆದು ಮತ್ತೆ ಅಳೆದು ಡಾಕ್ಟರಿಗೆ ತೋರಿಸು. ಬೇಗ ಹಿಡಿದರೆ ತೋಳಿಗೆ ಹಾಕುವ ಬಿಗಿ ಪಟ್ಟಿ, ಮಸಾಜ್, ವ್ಯಾಯಾಮದಿಂದ ಹತೋಟಿಗೆ ತರುವುದು ಸುಲಭ. ತೋಳು ಕೆಂಪಾಗಿ ಬಿಸಿಯಾದರೆ, ಜೊತೆಗೆ ಜ್ವರ ಬಂದರೆ, ಮುಂದಿನ ಅಪಾಯಿಂಟ್‌ಮೆಂಟ್ ಯಾವಾಗ ಅಂತ ನೋಡುತ್ತಾ ಕೂರಬೇಡ. ಅದು ಸೋಂಕು. ಅದೇ ದಿನ ಹೋಗು, ರಾತ್ರಿಯಾಗಿದ್ದರೂ ಸರಿ.