‘ಹಠ ಮಾಡ್ತಾರೆ’ ಅಂತ ಬರೆಯೋದನ್ನ ಬಿಡಿ

ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಕಾಯಿಲೆ, ಇರುವವರನ್ನ ನೋಡಿಕೊಳ್ಳುವ ಕಡೆ ದಿನಾ ಕೇಳುವ ಮಾತು: “ಸ್ನಾನಕ್ಕೆ ಹಠ ಮಾಡ್ತಾರೆ.” ಮನೆಯವರೂ ಅದನ್ನೇ ಹೇಳ್ತಾರೆ, ನರ್ಸ್‌ಗಳ ಪುಸ್ತಕದಲ್ಲೂ ಅದೇ ಬರೆದಿರುತ್ತೆ. ಹಠ ಅಂದ ಕೂಡಲೇ ಕಾರಣ ಹುಡುಕೋದು ನಿಂತುಹೋಗುತ್ತೆ. ನನ್ನ ತಕರಾರು ಅಷ್ಟೇ.

ಸ್ನಾನವನ್ನೇ ನೋಡಿ. ಬಟ್ಟೆ ಬಿಚ್ಚಿದ ಮೈಗೆ ಚಳಿ, ಗುರುತು ಸಿಗದ ಯಾರೋ ಕೈ ಹಿಡಿದು ಎಳೀತಾರೆ, ಹೇಳದೆ ಕೇಳದೆ ತಲೆ ಮೇಲೆ ನೀರು. ಕೈ ಬೀಸದೆ ಇನ್ನೇನು ಮಾಡ್ತಾರೆ? ಬಚ್ಚಲು ಮೊದಲೇ ಬೆಚ್ಚಗಿರಲಿ. ಸೋಪು, ಟವೆಲ್, ಬಟ್ಟೆ ಕೈಗೆ ಸಿಗುವಂತಿರಲಿ. ಮಧ್ಯೆ ಒಬ್ಬರನ್ನೇ ಬಿಟ್ಟು ಎದ್ದು ಹೋಗುವಂತಾಗಬಾರದು. ಕುರ್ಚಿ ಮೇಲೆ ಕೂರಿಸಿ, ಹೆಗಲಿಗೊಂದು ತೊಡೆಗೊಂದು ಟವೆಲ್ ಹೊದಿಸಿ, ತೊಳೆಯುವ ಭಾಗವನ್ನಷ್ಟೇ ತೆರೆಯಿರಿ. ಮೊದಲು ಪಾದ, ಕೊನೆಗೆ ತಲೆ. ತಲೆಸ್ನಾನ ಬೇರೆ ದಿನಕ್ಕಿಟ್ಟರೂ ನಷ್ಟವಿಲ್ಲ. ಒಂದು ಸಲಕ್ಕೆ ಒಂದೇ ಮಾತು, “ಕಾಲು ತೊಳೆಯೋಣ.” ಹೇಳಿ ಹತ್ತು ಸೆಕೆಂಡ್ ಸುಮ್ಮನಿರಿ. ಅಷ್ಟರೊಳಗೆ ಅದನ್ನೇ ಬೇರೆ ಪದಗಳಲ್ಲಿ ಕೇಳಿದರೆ ಅವರ ತಲೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತೆ. ಬೇಡ ಅಂದರೆ ಅರ್ಧ ಗಂಟೆ ಬಿಟ್ಟು ಬನ್ನಿ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ ಆಗುತ್ತೆ. ದಿನಾ ಸ್ನಾನ ಆಗಲೇಬೇಕು ಅನ್ನೋದೇ ನಿಜವಾದ ಹಠ, ಅದು ನಮ್ಮದು.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ: ದಿಢೀರ್ ಬದಲಾವಣೆಯನ್ನೂ ಹಠ ಅಂತಲೋ ಡಿಮೆನ್ಶಿಯಾ ಅಂತಲೋ ತಳ್ಳಿಹಾಕೋದು. ಡಿಮೆನ್ಶಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಹೆಚ್ಚುತ್ತೆ. ಒಂದೆರಡು ದಿನದಲ್ಲೇ ಮನುಷ್ಯ ಬದಲಾದರೆ ಮೊದಲು ಅನುಮಾನಿಸಬೇಕಾದ್ದು ಡೆಲಿರಿಯಂ, ಅಂದರೆ ದಿಢೀರ್ ಬರುವ ಬುದ್ಧಿಯ ಗೊಂದಲ; ಹಳಬರು ಸನ್ನಿ ಅಂತಿದ್ದರಲ್ಲ, ಅದು. ಮಂಕಾಗಿ ಮಲಗೇ ಇರುವ ಸನ್ನಿಯೂ ಉಂಟು. ಗಲಾಟೆ ಇಲ್ಲವಲ್ಲ ಅಂತ ಯಾರ ಕಣ್ಣಿಗೂ ಬೀಳಲ್ಲ. ಸೋಂಕು, ಮಲಬದ್ಧತೆ, ಮೂತ್ರ ಕಟ್ಟಿರೋದು, ನೀರು ಸಾಲದಿರೋದು, ನೋವು, ಹೊಸ ಮಾತ್ರೆ, ಯಾವುದು ಬೇಕಾದರೂ ಕಾರಣ ಆಗಬಹುದು. ನೆಗಡಿ, ನಿದ್ದೆಗೆ ಅಂತ ಸಿಗುವ ಡೈಫೆನ್‌ಹೈಡ್ರಮಿನ್ ಇಂಥವರಿಗೆ ಒಳ್ಳೆಯದಲ್ಲ: ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನೋ ಮೆದುಳಿನ ರಾಸಾಯನಿಕ ಮೊದಲೇ ಕಡಿಮೆ, ಇದು ಅದರ ಕೆಲಸವನ್ನೂ ತಡೆಯುತ್ತೆ. ಹೀಗೆ ದಿಢೀರ್ ಬದಲಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

“ಸುಮ್ಮನಾಗೋಕೆ ಏನಾದರೂ ಕೊಡಿ” ಅಂತ ಕೇಳುವ ಮುನ್ನ ಒಂದು ವಿಷಯ ಗೊತ್ತಿರಲಿ. ಡಿಮೆನ್ಶಿಯಾ ಇರುವ ವಯಸ್ಸಾದವರಲ್ಲಿ ಆಂಟಿಸೈಕೋಟಿಕ್ ಔಷಧಗಳು, ಅಂದರೆ ಭ್ರಮೆ, ಉದ್ರೇಕ ತಗ್ಗಿಸೋಕೆ ಕೊಡುವ ಮಾತ್ರೆಗಳು, ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಿಂದಲೇ ಎಚ್ಚರಿಸುತ್ತ ಬಂದಿದೆ. ಲೂಯಿ ಬಾಡಿ ಅನ್ನೋ ಬಗೆಯ ಡಿಮೆನ್ಶಿಯಾದಲ್ಲಂತೂ ಹ್ಯಾಲೊಪೆರಿಡಾಲ್ ಅನ್ನೋ ಇಂಥದ್ದೇ ಔಷಧ ಮೈಯನ್ನ ಮರದಂತೆ ಬಿಗಿಸಿಬಿಡಬಹುದು.

ಹಾಗಾದರೆ ಪುಸ್ತಕದಲ್ಲಿ ಏನು ಬರೆಯೋದು? ಹೀಗೆ: “ಸಂಜೆ 5:40. ಅಂಗಿಯ ತೋಳು ಬಿಚ್ಚೋಕೆ ಬಲಗೈ ಎತ್ತಿಸಿದಾಗ ಕೂಗಿದರು. ಎಡಗೈಗೆ ಕೂಗಲಿಲ್ಲ.” ಇಷ್ಟಿದ್ದರೆ ಡಾಕ್ಟರು ಮೊದಲು ಬಲಭುಜ ಮುಟ್ಟಿ ನೋಡ್ತಾರೆ.