ಬ್ಲ್ಯಾಕ್ ಟ್ಯಾಂಕಿಗೆ ನೀರು ಧಾರಾಳವಾಗಿರಲಿ, ಸಿಂಕಿನಲ್ಲಿ ಕೈ ಬಿಗಿಯಿರಲಿ

ಬೇಸಿಗೆ ರಜೆ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರು ಎರಡು ಸಂಸಾರ ಸೇರಿ ಆರ್‌ವಿ, ಅಂದರೆ ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲ ಇರುವ ಮನೆಯಂಥ ಗಾಡಿ, ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಅಂತ ಹೊರಡುತ್ತಾರೆ. ದಾರಿ, ಅಡುಗೆ, ಕ್ಯಾಂಪ್‌ಸೈಟ್ ಎಲ್ಲ ತಿಂಗಳುಗಟ್ಟಲೆ ಮೊದಲೇ ಪಕ್ಕಾ. ಹೊಲಸು ಟ್ಯಾಂಕ್ ಖಾಲಿ ಮಾಡುವ ವಿಷಯಕ್ಕೆ ಮಾತ್ರ ಗಾಡಿ ತೆಗೆದುಕೊಳ್ಳುವಾಗಿನ ಕೊನೆಯ ಐದು ನಿಮಿಷ. ಮೂರನೇ ದಿನಕ್ಕೆ ಗಾಡಿಯೊಳಗೆ ಕೂರಲಾರದಷ್ಟು ವಾಸನೆ.

ನೀರನ್ನು ಉಳಿಸಬಾರದ ಕಡೆ ಉಳಿಸಿ, ಉಳಿಸಬೇಕಾದ ಕಡೆ ಸುರಿಯುವುದೇ ಇದಕ್ಕೆ ಮುಖ್ಯ ಕಾರಣ ಅಂತ ನನ್ನ ಖಚಿತ ಅಭಿಪ್ರಾಯ.

ಗಾಡಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಳ್ಳೆ ನೀರಿನದು ಫ್ರೆಶ್, ಸಿಂಕು-ಸ್ನಾನದ ಬಳಸಿದ ನೀರಿನದು ಗ್ರೇ, ಕಕ್ಕಸಿನದು ಬ್ಲ್ಯಾಕ್. ಬಾಡಿಗೆಗೆ ಸಿಗುವ 25ರಿಂದ 30 ಅಡಿ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದೊಂದೂ 30-40 ಗ್ಯಾಲನ್, ಅಂದರೆ 115ರಿಂದ 150 ಲೀಟರ್. ಫ್ರೆಶ್ ಟ್ಯಾಂಕ್ ಖಾಲಿಯಾಗುತ್ತದಲ್ಲ ಅಂತ ಎಲ್ಲರೂ ಟಾಯ್ಲೆಟ್ ಪೆಡಲ್ ಒತ್ತಿ ತಕ್ಷಣ ಬಿಟ್ಟುಬಿಡುತ್ತಾರೆ. ನೀರಿಲ್ಲದಿದ್ದರೆ ಗಟ್ಟಿ ಪದಾರ್ಥ ಕರಗುವುದಿಲ್ಲ, ಹರಿಯುವುದಿಲ್ಲ, ಕೊಳವೆಯ ಕೆಳಗೆ ಗುಡ್ಡೆಯಾಗಿ ಕೂರುತ್ತದೆ. ಖಾಲಿ ಟ್ಯಾಂಕಿಗೆ ಮೊದಲೇ ಎರಡು ಮೂರು ಗ್ಯಾಲನ್ ನೀರು, ಅದರ ಜೊತೆ ಹೊಲಸನ್ನು ಕರಗಿಸುವ ಎನ್‌ಜೈಮ್ ದ್ರಾವಣ ಹಾಕಿಯೇ ಬಳಕೆ ಶುರುಮಾಡಿ. ಕಾಗದದ ಬದಲು ನೀರಿನಿಂದ ತೊಳೆದುಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ನಿಜಕ್ಕೂ ಅನುಕೂಲ: ಟ್ಯಾಂಕ್ ಸ್ವಲ್ಪ ಬೇಗ ತುಂಬಬಹುದು, ಆದರೆ ಕಟ್ಟಿಕೊಳ್ಳುವ ಭಯ ಕಡಿಮೆ. ಕಾಗದ ಬಳಸುವವರು ಒಂದು ತುಂಡನ್ನು ಬಾಟಲಿ ನೀರಿಗೆ ಹಾಕಿ ಕುಲುಕಿ ನೋಡಿ. ಚೂರುಚೂರಾಗಿ ಬಿಟ್ಟುಕೊಂಡರೆ ಸರಿ, ಹಾಳೆಯಾಗಿಯೇ ತೇಲಿದರೆ ಬೇಡ. ಮಕ್ಕಳ ಒದ್ದೆ ವೈಪ್ಸ್, ಪ್ಯಾಕೆಟ್ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ದರೂ, ಖಂಡಿತ ಬೇಡ.

ಫುಲ್ ಹುಕಪ್ ಇರುವ ಜಾಗದಲ್ಲಿ, ಅಂದರೆ ಗಾಡಿ ನಿಲ್ಲಿಸಿದಲ್ಲೇ ನೀರು, ಕರೆಂಟು, ಚರಂಡಿ ಜೋಡಣೆ ಇರುವ ಕಡೆ, ಬ್ಲ್ಯಾಕ್ ಟ್ಯಾಂಕ್ ಖಾಲಿ ಮಾಡುವ ವಾಲ್ವ್ ತೆರೆದೇ ಬಿಡುವುದು ಇನ್ನೊಂದು ದೊಡ್ಡ ತಪ್ಪು. ನೀರೆಲ್ಲ ಸೋರಿಹೋಗಿ ಗಟ್ಟಿ ಭಾಗ ಒಳಗೇ ಒಣಗುತ್ತದೆ. ಮುಚ್ಚಿಡಿ, ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ತೆರೆಯಿರಿ. ರಭಸವಾಗಿ ನುಗ್ಗುವ ನೀರೇ ಟ್ಯಾಂಕನ್ನು ತೊಳೆಯುತ್ತದೆ. ಗೋಡೆಯ ಮೀಟರ್ ದೀಪಗಳನ್ನು ಪೂರ್ತಿ ನಂಬಬೇಡಿ. ಸೆನ್ಸರಿಗೆ ಕಾಗದ ಅಂಟಿಕೊಂಡರೆ ಖಾಲಿ ಟ್ಯಾಂಕೂ ತುಂಬಿದೆ ಅಂತ ತೋರಿಸುತ್ತದೆ.

ಹೊಲಸು ಟ್ಯಾಂಕ್ ಖಾಲಿ ಮಾಡುವ ಜಾಗವಾದ ಡಂಪ್ ಸ್ಟೇಷನ್ನಿನಲ್ಲಿ ಅವಸರ ಬೇಡ. ಗ್ಲೌಸ್ ಹಾಕಿ. ಮುಚ್ಚಳ ತೆಗೆಯುವ ಮೊದಲು ಬ್ಲ್ಯಾಕ್, ಗ್ರೇ ಎರಡೂ ವಾಲ್ವಿನ ಹಿಡಿ ಪೂರ್ತಿ ಒಳಗಿದೆಯೇ ನೋಡಿ. ಅರ್ಧ ತೆರೆದಿದ್ದರೆ ಮುಚ್ಚಳ ತಿರುಗಿಸಿದ ಕ್ಷಣವೇ ಎಲ್ಲವೂ ಕಾಲ ಮೇಲೆ. ಮೂರಿಂಚಿನ ಪೈಪನ್ನು ಕೊಂಡಿಗೆ ಸಿಕ್ಕಿಸಿ ತಿರುಗಿಸಿ, ಎಳೆದು ಪರೀಕ್ಷಿಸಿ. ಇನ್ನೊಂದು ತುದಿ ನೆಲದ ತೂತಿನೊಳಗಿರಬೇಕು, ಅದರ ಮೇಲೆ ಕಲ್ಲು ಇಡಿ ಅಥವಾ ಒಬ್ಬರು ಕಾಲಿಡಲಿ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗಲಿ ಅಂತಲೇ ಈ ಕ್ರಮ. ಹಾಗಾಗಿ ಹುಕಪ್ ಜಾಗದಲ್ಲಿದ್ದರೂ ಹೊರಡುವ ಹಿಂದಿನ ದಿನ ಗ್ರೇ ವಾಲ್ವ್ ಮುಚ್ಚಿ ನೀರು ಕೂಡಿಡಿ.

ಪೈಪಿನ ಬಾಯಿಗೆ ಪಾರದರ್ಶಕ ಎಲ್ಬೋ, ಅಂದರೆ ಒಳಗೆ ಹರಿಯುವುದು ಕಾಣುವ ಬಾಗಿದ ತುಂಡು, ಹಾಕಿಕೊಳ್ಳಿ. ಮೊದಲು ಕಂದು ಬಣ್ಣದ ಪ್ರವಾಹ ಧಡಧಡನೆ ಬರುತ್ತದೆ, ನಿಧಾನಕ್ಕೆ ತೆಳುವಾಗಿ, ಕೊನೆಗೆ ಗುಳುಗುಳು ಸದ್ದಷ್ಟೇ ಉಳಿಯುತ್ತದೆ. ಆಗ ಮುಗಿಯಿತೆಂದು ಹೊರಡಬೇಡಿ. ಬ್ಲ್ಯಾಕ್ ವಾಲ್ವ್ ಮುಚ್ಚಿ, ಟಾಯ್ಲೆಟ್ ಮೂಲಕ ಒಂದು ಬಕೆಟ್ ನೀರು ಹೊಯ್ದು ಮತ್ತೆ ಬಿಡಿ. ಎಲ್ಬೋದಲ್ಲಿ ಕಾಗದದ ಚೂರು ಕಾಣದಾಗುವ ತನಕ ಎರಡು ಮೂರು ಸಲ ಮಾಡಿ. ವಾಲ್ವಿನ ಅಲಗಿಗೆ ಚೂರು ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚದೆ ಸೋರುತ್ತದೆ. ಗುಡ್ಡೆ ಕಟ್ಟಿಯೇಬಿಟ್ಟಿದ್ದರೆ ಟ್ಯಾಂಕಿಗೆ ಮುಕ್ಕಾಲು ನೀರು ತುಂಬಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸ್ವಲ್ಪ ದೂರ ಓಡಿಸಿ, ಆಮೇಲೆ ಖಾಲಿ ಮಾಡಿ.

ಇನ್ನು ಸಿಂಕು. ಮೊದಲು ತುಂಬುವುದು ಹೆಚ್ಚಾಗಿ ಗ್ರೇ ಟ್ಯಾಂಕೇ, ಅದು ತುಂಬಿದರೆ ನೀರು ಶವರ್ ತಳದಲ್ಲಿ ಉಕ್ಕುತ್ತದೆ. ನಮ್ಮ ಅಡುಗೆಯ ಪಾತ್ರೆ ಅಂದರೆ ಒಗ್ಗರಣೆ ಎಣ್ಣೆ, ಅನ್ನದ ಅಗುಳು, ಕರಿಬೇವು. ಇವು ಟ್ಯಾಂಕಿನಲ್ಲಿ ಕೊಳೆತರೆ ಬರುವ ನಾತ ಕಕ್ಕಸಿನದಕ್ಕಿಂತ ಕೆಟ್ಟದ್ದು. ತಟ್ಟೆ, ಬಾಣಲೆಗಳನ್ನು ಪೇಪರಿನಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ಬೇಸಿನ್ನಿನಲ್ಲಿ ತೊಳೆಯಿರಿ. ಸ್ನಾನದಲ್ಲಿ ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನಲ್ಲಿ ಬಿಡಿ. ಹುಕಪ್ ಇಲ್ಲದ ಕಡೆ ಈ ಉಳಿತಾಯ ಬೇಕೇ ಬೇಕು: ಯೊಸೆಮಿಟಿ ಪಾರ್ಕಿನೊಳಗೆ ಎಲ್ಲೂ ಹುಕಪ್ ಇಲ್ಲ. ಯೆಲ್ಲೋಸ್ಟೋನಿನಲ್ಲಿ ಇರುವುದು ಫಿಶಿಂಗ್ ಬ್ರಿಜ್ಜಿನಲ್ಲಿ ಮಾತ್ರ. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್ಮಿನಲ್ಲಿ ಟ್ರೇಲರ್ ವಿಲೇಜಿನಲ್ಲಿದೆ, ಮಾಥರ್ ಕ್ಯಾಂಪ್‌ಗ್ರೌಂಡಿನಲ್ಲಿಲ್ಲ.

ಒಳ್ಳೆ ನೀರು ತುಂಬುವುದರಲ್ಲಿ ರಾಜಿ ಬೇಡವೇ ಬೇಡ. ಡಂಪ್ ಸ್ಟೇಷನ್ನಿನಲ್ಲಿ ಹೊಲಸು ಪೈಪ್ ತೊಳೆಯುವ ನಲ್ಲಿ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ಫಲಕ ಓದದೆ ಪೈಪ್ ಸಿಕ್ಕಿಸಬೇಡಿ. ಸಾಧ್ಯವಾದರೆ ಮೊದಲು ಒಳ್ಳೆ ನೀರು ತುಂಬಿ, ಆಮೇಲೆ ಹೊಲಸಿಗೆ ಕೈ ಹಾಕಿ. ಆಗದಿದ್ದರೆ ಗ್ಲೌಸ್ ಬಿಸಾಕಿ ಕೈ ತೊಳೆದು ಬನ್ನಿ. ನಲ್ಲಿಯ ಬಾಯಿಗೆ ಬ್ಲೀಚ್ ನೀರು ಸಿಂಪಡಿಸಿ, ಅರ್ಧ ನಿಮಿಷ ನೀರು ಹರಿಯಬಿಟ್ಟು, ಕುಡಿಯುವ ನೀರಿಗೆಂದೇ ಇಟ್ಟ ಬಿಳಿ ಪೈಪನ್ನು ಜೋಡಿಸಿ. ಟ್ಯಾಂಕ್ ತುಂಬುವ ಬಾಯಿಗೂ ಸಿಟಿ ವಾಟರ್ ಬಾಯಿಗೂ ವ್ಯತ್ಯಾಸವಿದೆ. ಎರಡನೆಯದು ನೇರ ನಲ್ಲಿಗಳಿಗೆ ಹೋಗುತ್ತದೆ, ಟ್ಯಾಂಕ್ ತುಂಬುವುದಿಲ್ಲ. ಅದಕ್ಕೆ ಜೋಡಿಸುವಾಗ ಒತ್ತಡವನ್ನು 40-50 ಪಿಎಸ್‌ಐಗೆ ಇಳಿಸುವ ರೆಗ್ಯುಲೇಟರ್ ನಲ್ಲಿಯ ಬುಡದಲ್ಲೇ ಇರಲಿ. ಇಲ್ಲದಿದ್ದರೆ ಒಳಗಿನ ಪ್ಲಾಸ್ಟಿಕ್ ಜೋಡಣೆಗಳು ಬಿಟ್ಟುಕೊಳ್ಳಬಹುದು.

ಬಹಳ ದಿನ ನಿಂತಿದ್ದ ಗಾಡಿಯಾದರೆ ಫ್ರೆಶ್ ಟ್ಯಾಂಕಿನ ಪ್ರತಿ 15 ಗ್ಯಾಲನ್ ನೀರಿಗೆ ಕಾಲು ಕಪ್, ಅಂದರೆ 60 ಮಿಲಿಲೀಟರ್, ವಾಸನೆ ಸೇರಿಸದ ಬ್ಲೀಚ್ ಹಾಕಿ. ಎಲ್ಲ ನಲ್ಲಿಗಳಲ್ಲೂ ಬ್ಲೀಚ್ ವಾಸನೆ ಬರುವ ತನಕ ಬಿಟ್ಟು, ರಾತ್ರಿಯಿಡೀ ಹಾಗೇ ಇಟ್ಟು, ವಾಸನೆ ಹೋಗುವ ತನಕ ತೊಳೆಯಿರಿ.

40 ಗ್ಯಾಲನ್ ನೀರೆಂದರೆ 150 ಕಿಲೋ ಭಾರ. ಮುಂದಿನ ಜಾಗದಲ್ಲಿ ನೀರು ಸಿಗುತ್ತದೆಂದು ಗೊತ್ತಿದ್ದರೆ ಘಾಟಿ ಹತ್ತುವಾಗ ಮೂರರಲ್ಲಿ ಒಂದು ಪಾಲು ಸಾಕು. ಸೆಪ್ಟೆಂಬರ್ ಹೊತ್ತಿಗೆ ಯೆಲ್ಲೋಸ್ಟೋನಿನಲ್ಲಿ ರಾತ್ರಿ ಹಿಮಗಟ್ಟುವ ಚಳಿ ಇರುತ್ತದೆ. ಮಲಗುವ ಮುಂಚೆ ನೀರಿನ ಪೈಪ್ ಕಳಚಿ, ಬಗ್ಗಿಸಿ ಖಾಲಿ ಮಾಡಿ ಒಳಗಿಟ್ಟುಕೊಳ್ಳಿ, ಬೆಳಗಿನ ತನಕ ಟ್ಯಾಂಕಿನ ನೀರನ್ನೇ ಪಂಪ್ ಹಾಕಿ ಬಳಸಿ.