ಬ್ಯಾಲೆ ಕ್ಲಾಸ್ ಬಗ್ಗೆ ನಾನು ಹಾಕಿದ್ದ ಮೆಸೇಜ್ ತಪ್ಪು

ಹೋದ ವಾರ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದ್ದೆ. ಯುರೋಪಿನ ಶಾಸ್ತ್ರೀಯ ನೃತ್ಯ ಬ್ಯಾಲೆ ಕಲಿಯುವ ಮಕ್ಕಳು 6 ವರ್ಷದೊಳಗೇ ಕಾಲ್ಬೆರಳ ತುದಿಯ ಮೇಲೆ ನಿಲ್ಲಲು ಕಲಿಯಬೇಕು, ಆಮೇಲೆ ಆಗಲ್ಲ ಅಂತ. ಅದೀಗ ಕಲಬುರಗಿ ದಾಟಿ ಬೀದರ್‌ನಲ್ಲಿರುವ ನಮ್ಮ ಅಕ್ಕನ ಫೋನಿಗೂ ಬಂದಿದೆ. ಅದು ತಪ್ಪು.

ಹಾಗೆ ನಿಲ್ಲಲು ಪಾಯಿಂಟ್ ಶೂ ಬೇಕು. ಬಟ್ಟೆಗೆ ಅಂಟು ಹಾಕಿ, ಪದರ ಪದರವಾಗಿ ಗಟ್ಟಿ ಮಾಡಿದ ಮೂತಿ ಅದಕ್ಕೆ. 12 ವರ್ಷಕ್ಕೆ ಮೊದಲು ಅದು ಬೇಡ ಎನ್ನುತ್ತದೆ ನೃತ್ಯಗಾರರ ಆರೋಗ್ಯದ ಅಂತರರಾಷ್ಟ್ರೀಯ ಸಂಘ ಐಎಡಿಎಂಎಸ್‌ನ ಮಾರ್ಗಸೂಚಿ. ವಯಸ್ಸೊಂದೇ ಸಾಲದು, ಕಾಲು ಸೊಂಟದಲ್ಲಿ ಬಲ ಬೇಕು, ಕೆಲವು ವರ್ಷದ ಅಭ್ಯಾಸವೂ ಬೇಕು. ಚಿಕ್ಕವರ ಪಾದದ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಅಲ್ವಾ?

ನಾಲ್ಕೈದು ವರ್ಷದವರಿಗೆ ಮೆತ್ತನೆಯ ಶೂ ಸಾಕು. ತಾಳಕ್ಕೆ ಕುಪ್ಪಳಿಸುವುದು, ಮೊಣಕಾಲು ಬಗ್ಗಿಸುವ 'ಪ್ಲಿಯೇ', ಇಷ್ಟೇ. ನನ್ನ ಮಗಳು ಅದನ್ನು 'ಕಪ್ಪೆ ಸ್ಟೆಪ್' ಅಂತಾಳೆ. ಹಾಂ, ಮನೆಯಲ್ಲಿ ಶಹಾಬಾದ್ ಕಲ್ಲಿನ ಮೇಲೆ ಜಾಸ್ತಿ ಜಿಗಿಸಬೇಡಿ, ನೆಲ ಬಹಳ ಗಟ್ಟಿ.

ಹಳೇ ಮೆಸೇಜ್ ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿಬಿಡಿ.